ಹತ್ತು ಆಣೆಯ ಸೊಳ್ಳೆಗಳು: ಡಾ. ರೊನಾಲ್ಡ್ ರಾಸ್ ಅವರ ಬದುಕು

ನಮ್ಮ ಜೀವಶಾಸ್ತ್ರದ ಪುಸ್ತಕದಲ್ಲಿ ಪ್ಲಾಸ್ಮೋಡಿಯಂ ಜೀವನಚಕ್ರದ ಚಿತ್ರವೊಂದಿದೆ. ಒಂದು ಬದಿ ಮನುಷ್ಯ, ಇನ್ನೊಂದು ಬದಿ ಸೊಳ್ಳೆ, ನಡುವೆ ಬಾಣದ ಗುರುತುಗಳು. ಪರೀಕ್ಷೆಗೆ ಬರುತ್ತದೆ ಎಂದು ಎಲ್ಲರ ಹಾಗೆ ನಾನೂ ಅದನ್ನು ನಾಲ್ಕಾರು ಸಲ ಬರೆದು ಬಾಯಿಪಾಠ ಮಾಡಿದ್ದೆ. ಆ ಬಾಣದ ಗುರುತುಗಳನ್ನು ಹುಡುಕಲು ಒಬ್ಬ ವೈದ್ಯರು ವರ್ಷಗಟ್ಟಲೆ ಕಷ್ಟಪಟ್ಟರು ಎಂದಾಗಲಿ, ಆ ಕಥೆಯಲ್ಲಿ ನಮ್ಮ ಬೆಂಗಳೂರೂ ಇದೆ ಎಂದಾಗಲಿ ನನಗೆ ಗೊತ್ತಿರಲಿಲ್ಲ. ಪ್ರತಿ ವರ್ಷ ಆಗಸ್ಟ್ 20ನ್ನು ವಿಶ್ವ ಸೊಳ್ಳೆ ದಿನ ಎಂದು ಏಕೆ ಆಚರಿಸುತ್ತಾರೆ ಎಂದು ಹುಡುಕಲು ಹೋಗಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ರೊನಾಲ್ಡ್ ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ. ತಂದೆ ಬ್ರಿಟಿಷರ ಭಾರತೀಯ ಸೇನೆಯಲ್ಲಿ ಅಧಿಕಾರಿ. ಓದಲು ಚಿಕ್ಕ ವಯಸ್ಸಿನಲ್ಲೇ ಇಂಗ್ಲೆಂಡಿಗೆ ಕಳುಹಿಸಿದರು. ಹುಡುಗನಿಗೆ ಚಿತ್ರ, ಕವಿತೆ, ಸಂಗೀತ, ಗಣಿತ ಎಂದರೆ ಪ್ರಾಣ. ಆದರೆ ಮಗ ಡಾಕ್ಟರಾಗಲಿ ಎಂದು ತಂದೆಯ ಹಟ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ನಡೆಯುವ ಮಾತು ಅಲ್ಲಿಯೂ ನಡೆದಿತ್ತು ಎಂದು ಓದಿದಾಗ ನನಗೆ ನಗು ಬಂತು. ಲಂಡನ್ನಿನಲ್ಲಿ ವೈದ್ಯಕೀಯ ಓದಿದರೂ ಅದರಲ್ಲಿ ಅವರಿಗೆ ಅಂಥ ಆಸಕ್ತಿ ಇರಲಿಲ್ಲ. 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿ ಮದರಾಸಿಗೆ ಬಂದರು.

1883ರಲ್ಲಿ ಅವರಿಗೆ ಬೆಂಗಳೂರಿನ ದಂಡಿನಲ್ಲಿ ಕೆಲಸ. ಉಳಿದುಕೊಂಡ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಹುಡುಕಿದಾಗ ಹತ್ತಿರದ ನೀರಿನ ತೊಟ್ಟಿಯಲ್ಲಿ ಮರಿಹುಳುಗಳು ಓಡಾಡುತ್ತಿದ್ದವು. ತೊಟ್ಟಿಯನ್ನು ಬೋರಲು ಹಾಕಿಸಿದರು, ಸೊಳ್ಳೆ ಕಡಿಮೆಯಾಯಿತು. ಉಳಿದ ಕಡೆಗಳಲ್ಲೂ ಹೀಗೆ ಮಾಡೋಣ ಎಂದು ಕೇಳಿದಾಗ ಅಲ್ಲಿನ ಸೇನಾಧಿಕಾರಿ ಒಪ್ಪಲಿಲ್ಲ. ಮಲೇರಿಯಾಕ್ಕೂ ಸೊಳ್ಳೆಗೂ ಸಂಬಂಧವಿದೆ ಎಂದು ಆಗ ರಾಸ್ ಅವರಿಗೂ ತಿಳಿದಿರಲಿಲ್ಲ. ಮಲೇರಿಯಾ ಎಂಬ ಇಟಲಿಯ ಪದದ ಅರ್ಥವೇ ಕೆಟ್ಟ ಗಾಳಿ. ಜೌಗು ನೆಲದಿಂದ ಏಳುವ ಕೆಟ್ಟ ಗಾಳಿಯಿಂದ ಚಳಿಜ್ವರ ಬರುತ್ತದೆ ಎಂದೇ ಲೋಕವೆಲ್ಲ ನಂಬಿತ್ತು.

1880ರಲ್ಲಿ ಅಲ್ಜೀರಿಯಾದಲ್ಲಿ ಲಾವೆರಾನ್ ಎಂಬ ಫ್ರೆಂಚ್ ಸೇನಾ ವೈದ್ಯರು ರೋಗಿಯ ರಕ್ತದಲ್ಲಿ ಮಲೇರಿಯಾದ ಪರಾವಲಂಬಿ ಜೀವಿಯನ್ನು ಕಂಡಿದ್ದರು. ರಾಸ್ ಮೊದಲು ಅದನ್ನು ನಂಬಲೇ ಇಲ್ಲ. ಜ್ವರಕ್ಕೆ ಹೊಟ್ಟೆಯ ದೋಷವೇ ಕಾರಣ ಎಂದು ಲೇಖನ ಬರೆದರು. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ಸೂಕ್ಷ್ಮದರ್ಶಕದಲ್ಲಿ ಆ ಜೀವಿಯನ್ನು ತೋರಿಸಿದರು. ಅದು ರಕ್ತದಿಂದ ಸೊಳ್ಳೆಯ ಹೊಟ್ಟೆ ಸೇರುತ್ತಿರಬಹುದು ಎಂಬ ತಮ್ಮ ಊಹೆಯನ್ನೂ ಹೇಳಿದರು. ರಾಸ್ ತಮ್ಮ ತಪ್ಪನ್ನು ಒಪ್ಪಿಕೊಂಡರು. ಮರುವರ್ಷ ಭಾರತಕ್ಕೆ ಮರಳಿ ಸಿಕಂದರಾಬಾದಿನಲ್ಲಿ ಸೊಳ್ಳೆ ಸೀಳಲು ಕುಳಿತರು.

ಮ್ಯಾನ್ಸನ್ ಅವರ ಊಹೆ ಅರ್ಧ ಸರಿ, ಅರ್ಧ ತಪ್ಪು. ಸೊಳ್ಳೆ ನೀರಿನಲ್ಲಿ ಸಾಯುತ್ತದೆ, ಆ ನೀರು ಕುಡಿದವರಿಗೆ ರೋಗ ಬರುತ್ತದೆ ಎಂದು ಅವರು ತಿಳಿದಿದ್ದರು. ಇದನ್ನು ಪರೀಕ್ಷಿಸಲು ರಾಸ್ ಸೊಳ್ಳೆ ಸತ್ತ ನೀರನ್ನು ಹಣಕ್ಕೆ ಒಪ್ಪಿದ ಬಡವರಿಗೆ ಕುಡಿಸಿದರು. ಇದನ್ನು ಓದುವಾಗ ನನಗೆ ಕಸಿವಿಸಿಯಾಯಿತು. ಇಂದು ಇಂಥ ಪ್ರಯೋಗಕ್ಕೆ ನೈತಿಕ ಸಮಿತಿಯ ಅನುಮತಿ ಬೇಕು. ಭಾಗವಹಿಸುವವರಿಗೆ ಎಲ್ಲವನ್ನೂ ವಿವರಿಸಿ ಒಪ್ಪಿಗೆ ಪಡೆಯಬೇಕು. ಆಗ ಅಂಥ ನಿಯಮ ಇರಲಿಲ್ಲ. ದೊಡ್ಡವರ ಬದುಕು ಬರೆಯುವಾಗ ಇದನ್ನು ಬಿಟ್ಟು ಬರೆಯುವುದು ಸರಿಯಲ್ಲ ಎಂದು ಸೇರಿಸಿದ್ದೇನೆ.

1895ರ ಸೆಪ್ಟೆಂಬರಿನಲ್ಲಿ ಅವರನ್ನು ಮತ್ತೆ ಬೆಂಗಳೂರಿಗೆ ಕಳುಹಿಸಿದರು. ಈ ಸಲ ಕಾಲರಾ ತಡೆಯುವ ಕೆಲಸ. ಚರಂಡಿ, ಕುಡಿಯುವ ನೀರು, ಊರಿನ ನೈರ್ಮಲ್ಯ ಎಂದು ಸುಮಾರು ಒಂದೂವರೆ ವರ್ಷ ಇಲ್ಲಿಯೇ ಕಳೆಯಿತು. ಮಲೇರಿಯಾ ಸಂಶೋಧನೆ ಹಿಂದೆ ಬಿತ್ತು. 1897ರಲ್ಲಿ ಊಟಿಯ ಹತ್ತಿರದ ಸಿಗೂರು ಘಾಟಿಗೆ ಮಲೇರಿಯಾ ನೋಡಲೆಂದು ಹೋಗಿ ತಾವೇ ಮಲೇರಿಯಾ ಹಿಡಿಸಿಕೊಂಡರು. ಗುಣವಾದ ಮೇಲೆ ಮತ್ತೆ ಸಿಕಂದರಾಬಾದು.

ಅಷ್ಟು ದಿನ ಸೊಳ್ಳೆ ಸೀಳಿದರೂ ಏನೂ ಏಕೆ ಸಿಕ್ಕಿರಲಿಲ್ಲ? ಅವರು ನೋಡುತ್ತಿದ್ದ ಬೂದು ಸೊಳ್ಳೆ, ಪಟ್ಟೆ ಸೊಳ್ಳೆಗಳು ಮನುಷ್ಯನ ಮಲೇರಿಯಾ ಹರಡುವ ಜಾತಿಗಳೇ ಅಲ್ಲ. ಹರಡುವುದು ರೆಕ್ಕೆಯ ಮೇಲೆ ಚುಕ್ಕೆಗಳಿರುವ ಅನಾಫಿಲಿಸ್. 1897ರ ಆಗಸ್ಟಿನಲ್ಲಿ ಅಂಥ ಕೆಲವು ಮರಿಹುಳುಗಳು ಸಿಕ್ಕಿ, ಬಾಟಲಿಯಲ್ಲಿ ಸೊಳ್ಳೆಗಳಾದವು. ಆಸ್ಪತ್ರೆಯಲ್ಲಿ ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಇದ್ದರು. ಆಗಸ್ಟ್ 16ರಂದು ಅವರು ಸೊಳ್ಳೆಪರದೆಯೊಳಗೆ ಮಲಗಿ ಹತ್ತು ಸೊಳ್ಳೆಗಳಿಂದ ಕಚ್ಚಿಸಿಕೊಂಡರು. ಒಂದು ಸೊಳ್ಳೆಗೆ ಒಂದು ಆಣೆಯಂತೆ ಅವರಿಗೆ ಸಿಕ್ಕಿದ್ದು ಹತ್ತು ಆಣೆ.

ಆಮೇಲೆ ದಿನವೂ ಸೊಳ್ಳೆಗಳನ್ನು ಸೀಳಿ ನೋಡುವ ಕೆಲಸ. ಸೆಕೆ ಎಂದು ಪಂಕಾ ಎಳೆಸಿದರೆ ಸೊಳ್ಳೆಗಳು ಹಾರಿಹೋಗುತ್ತವೆ, ಅದಕ್ಕೆ ಪಂಕಾ ಇಲ್ಲ. ಹಣೆಯ ಬೆವರು ಬಿದ್ದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು, ಗಾಜು ಬಿರುಕು ಬಿಟ್ಟಿತ್ತು. ಆಗಸ್ಟ್ 20ರಂದು ಒಂದು ಸೊಳ್ಳೆಯ ಜಠರದ ಗೋಡೆಯಲ್ಲಿ ದುಂಡನೆಯ ಕೋಶಗಳು ಕಂಡವು. ಒಳಗೆ ಕಪ್ಪು ಕಣಗಳು. ಅವು ಮಲೇರಿಯಾ ರೋಗಿಯ ರಕ್ತದಲ್ಲಿ ಕಾಣುವಂಥದೇ ಕಣಗಳು. ಮರುದಿನ ಉಳಿದಿದ್ದ ಕೊನೆಯ ಸೊಳ್ಳೆಯಲ್ಲಿ ಅಂಥ ಕೋಶಗಳು ಇನ್ನೂ ದೊಡ್ಡದಾಗಿದ್ದವು. ಮುಖ್ಯವಾದದ್ದು ಇದೇ. ದೊಡ್ಡದಾಗಿವೆ ಎಂದರೆ ಅವು ಸೊಳ್ಳೆ ಕುಡಿದ ರಕ್ತದ ಉಳಿಕೆಯಲ್ಲ, ಸೊಳ್ಳೆಯೊಳಗೆ ಬೆಳೆಯುತ್ತಿರುವ ಜೀವಿ.

ಸ್ವಲ್ಪ ದಿನದಲ್ಲೇ ಅವರನ್ನು ಮಲೇರಿಯಾ ಅಷ್ಟಾಗಿ ಇಲ್ಲದ ರಾಜಪುತಾನದ ಖೇರ್ವಾರಾಕ್ಕೆ ವರ್ಗ ಮಾಡಿದರು. ಮ್ಯಾನ್ಸನ್ ಅವರ ಪ್ರಯತ್ನದಿಂದ 1898ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿ ಮನುಷ್ಯರ ಬದಲು ಹಕ್ಕಿಗಳ ಮಲೇರಿಯಾವನ್ನು ಅಧ್ಯಯನ ಮಾಡಿದರು. ಸೊಳ್ಳೆ ಹಿಡಿಯುವುದು, ಮರಿಹುಳು ಸಾಕುವುದು, ಹಕ್ಕಿಗಳನ್ನು ನೋಡಿಕೊಳ್ಳುವುದು, ಇದಕ್ಕೆಲ್ಲ ಅವರಿಗೆ ನೆರವಾದವರು ಮಹಮ್ಮದ್ ಬಕ್ಷ್ ಎಂಬ ಸಹಾಯಕರು. ಆ ವರ್ಷದ ಜುಲೈನಲ್ಲಿ ಪರಾವಲಂಬಿಯ ಸಣ್ಣ ಎಳೆಗಳು ಜಠರದಿಂದ ಹೊರಟು ಸೊಳ್ಳೆಯ ಲಾಲಾಗ್ರಂಥಿ ಸೇರುವುದನ್ನು ರಾಸ್ ಕಂಡರು. ಅಂಥ ಸೊಳ್ಳೆಗಳು ಕಚ್ಚಿದ ಆರೋಗ್ಯವಂತ ಗುಬ್ಬಚ್ಚಿಗಳಿಗೆ ಮಲೇರಿಯಾ ಬಂತು. ರೋಗ ಬರುವುದು ನೀರು ಕುಡಿದು ಅಲ್ಲ, ಸೊಳ್ಳೆ ಕಚ್ಚಿ ಎಂದು ಸಾಬೀತಾಯಿತು. ನಮ್ಮ ಪುಸ್ತಕದ ಚಿತ್ರ ಪೂರ್ಣವಾದದ್ದು ಹೀಗೆ.

1902ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ನಮ್ಮ ಬೆಳಕವಾಡಿಗೆ ಹತ್ತಿರದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋದದ್ದೂ ಅದೇ ವರ್ಷ. ಆದರೆ ಪ್ರಶಸ್ತಿಯಿಂದ ಅವರ ಮನಸ್ಸಿಗೆ ನೆಮ್ಮದಿ ಸಿಗಲಿಲ್ಲ. ಅನಾಫಿಲಿಸ್ ಸೊಳ್ಳೆಯಿಂದ ಮನುಷ್ಯನಿಗೆ ಮಲೇರಿಯಾ ಬರುವುದನ್ನು ತೋರಿಸಿಕೊಟ್ಟ ಇಟಲಿಯ ಗ್ರಾಸ್ಸಿ ಅವರೊಂದಿಗೆ, ಕೀರ್ತಿ ಯಾರದು ಎಂದು ವರ್ಷಗಟ್ಟಲೆ ಜಗಳವಾಡಿದರು. ಅವರ ಇನ್ನೊಂದು ದೊಡ್ಡ ಕೆಲಸ ಗಣಿತದಲ್ಲಿತ್ತು. ಊರಿನ ಎಲ್ಲ ಸೊಳ್ಳೆಗಳನ್ನು ಕೊಲ್ಲಬೇಕಾಗಿಲ್ಲ, ಅವುಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ರೋಗ ತಾನಾಗಿ ನಿಲ್ಲುತ್ತದೆ ಎಂದು ಸಮೀಕರಣಗಳ ಮೂಲಕ ತೋರಿಸಿದರು. ಸಾಂಕ್ರಾಮಿಕ ರೋಗಗಳ ಲೆಕ್ಕಾಚಾರಕ್ಕೆ ಇಂದಿಗೂ ಅದು ಬುನಾದಿ. 1932ರ ಸೆಪ್ಟೆಂಬರ್ 16ರಂದು ಅವರು ಲಂಡನ್ನಿನಲ್ಲಿ ತೀರಿಕೊಂಡರು.

ಆ ಸುಮಾರಿಗೆ ನಮ್ಮ ಜಿಲ್ಲೆಗೆ ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ ಬಂತು. ಈಗ ನಾವು ವಿ.ಸಿ. ನಾಲೆ ಎನ್ನುವುದು ಅದನ್ನೇ. ಭತ್ತ, ಕಬ್ಬು ಬಂದವು, ಜೊತೆಗೆ ಮಲೇರಿಯಾವೂ ಹೆಚ್ಚಿತು. ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾದ ಅಧ್ಯಯನಕ್ಕೆ ಇಳಿಯಿತು. ಯಾವ ನೀರಿನಲ್ಲಿ ಯಾವ ಸೊಳ್ಳೆ ಎಂದು ಹುಡುಕುವ ದಾರಿಯನ್ನು ತೋರಿಸಿದ್ದವರು ರಾಸ್.

ಇದನ್ನೆಲ್ಲ ಓದಿದ ಮೇಲೆ ನಮ್ಮ ಮನೆಯ ಹಿತ್ತಲಿನ ಡ್ರಮ್ಮಿನಲ್ಲಿ ಬಗ್ಗಿ ನೋಡಿದೆ. ಮರಿಹುಳುಗಳು ತಲೆ ಕೆಳಗಾಗಿ ನೇತಾಡುತ್ತಿದ್ದವು. ಅನಾಫಿಲಿಸ್ ಮರಿಹುಳು ನೀರಿನ ಮೇಲ್ಮೈಗೆ ಸಮನಾಗಿ ಮಲಗಿರುತ್ತದೆ. ಹಾಗಾಗಿ ಇವು ಮಲೇರಿಯಾದವಲ್ಲ. ಆದರೆ ಡೆಂಗಿ ತರುವ ಈಡಿಸ್ ಮರಿಗಳೂ ಹೀಗೆಯೇ ನೇತಾಡುತ್ತವೆ. ಅಮ್ಮನಿಗೆ ಹೇಳಿ ಡ್ರಮ್ ಖಾಲಿ ಮಾಡಿ, ಉಜ್ಜಿ, ಮುಚ್ಚಳ ಹಾಕಿದೆವು. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಈ ಕೆಲಸ ಮಾಡಬೇಕು. ಮನೆಯ ಸಂಪು, ಕಾಲೇಜಿನ ಟ್ಯಾಂಕು, ಮಸೀದಿಯಲ್ಲಿ ವುಝೂ ಮಾಡುವ ಹೌಝ್ ಎಲ್ಲವನ್ನೂ ನೋಡಬೇಕು. ಖಾಲಿ ಮಾಡಲಾಗದ ಹೌಝಿಗೆ ಗಪ್ಪಿ ಮೀನು ಬಿಟ್ಟರೆ ಮರಿಹುಳುಗಳನ್ನು ಅವೇ ತಿನ್ನುತ್ತವೆ.

ರಾಸ್ ಅವರಲ್ಲಿ ಕುಂದುಗಳಿದ್ದವು. ಆದರೂ ಹುಸೇನ್ ಖಾನ್, ಮಹಮ್ಮದ್ ಬಕ್ಷ್ ಅವರ ಹೆಸರುಗಳನ್ನು ಅವರು ಬರೆದಿಟ್ಟರು. ಇಲ್ಲದಿದ್ದರೆ ಆ ಇಬ್ಬರು ಇದ್ದರೆಂದೇ ನಮಗೆ ತಿಳಿಯುತ್ತಿರಲಿಲ್ಲ. ನಮ್ಮ ಪಠ್ಯದ ಚಿತ್ರದಲ್ಲಿ ಮನುಷ್ಯ ಎಂದಷ್ಟೇ ಇದೆ. ಮುಂದಿನ ಸಲ ಅದನ್ನು ಬರೆಯುವಾಗ ಹತ್ತು ಆಣೆಗೆ ಹತ್ತು ಸೊಳ್ಳೆಗಳಿಂದ ಕಚ್ಚಿಸಿಕೊಂಡ ಆ ರೋಗಿ ನನಗೆ ನೆನಪಾಗುತ್ತಾರೆ. ನಮ್ಮ ಪ್ರಾಕ್ಟಿಕಲ್ ತರಗತಿಗೆ ಕೆರೆಯ ನೀರು ತಂದು, ಸ್ಲೈಡ್ ತೊಳೆದು ಇಡುವ ಲ್ಯಾಬ್ ಅಟೆಂಡರ್ ಅಂಕಲ್‌ಗೆ ನಾವು ಎರಡು ವರ್ಷದಲ್ಲಿ ಒಮ್ಮೆಯೂ ಧನ್ಯವಾದ ಹೇಳಿಲ್ಲ. ಈ ಲೇಖನ ಮುಗಿಸಿ ಮೊದಲು ಆ ಕೆಲಸ ಮಾಡುತ್ತೇನೆ.