ಬೆಣ್ಣೆ ಕಾದ ದನದ ಡಾಕ್ಟರು

ಪೇಟೆಯಲ್ಲಿ ಬೆಣ್ಣೆ ದೋಸೆ ತಿನ್ನುವಾಗ ಹೆಂಚಿನ ಮೇಲೆ ಕರಗುವ ಬೆಣ್ಣೆಗೆ ಯಾರೂ ಸರ್ಟಿಫಿಕೇಟ್ ಕೇಳೋದಿಲ್ಲ. ಅದೇ ಬೆಣ್ಣೆ, ತುಪ್ಪ ಹಡಗು ಹತ್ತಿ ಪರದೇಶಕ್ಕೆ ಹೋಗಬೇಕೆಂದರೆ ಕಥೆಯೇ ಬೇರೆ. ಮಾಲು ಶುದ್ಧವಾಗಿದೆ, ತಿನ್ನಲು ಯೋಗ್ಯವಾಗಿದೆ ಎಂದು ಸರ್ಕಾರದ ಮೊಹರು ಬಿದ್ದ ಆರೋಗ್ಯ ಪತ್ರ ಬೇಕು. ನಮ್ಮ ದೇಶದಲ್ಲಿ ಆ ಕೆಲಸ ರಫ್ತು ತಪಾಸಣಾ ಮಂಡಳಿಯದು. ಈ ಪದ್ಧತಿಯ ಬೇರು ಹುಡುಕುತ್ತಾ ಹೋದರೆ ಡೆನ್ಮಾರ್ಕಿನ ಒಬ್ಬ ದನದ ಡಾಕ್ಟರು ಸಿಗುತ್ತಾರೆ. ಹೆಸರು ಬರ್ನ್‌ಹಾರ್ಡ್ ಬಾಂಗ್.

ಹುಟ್ಟಿದ್ದು 1848ರಲ್ಲಿ, ಸೋರೋ ಎಂಬ ಊರಲ್ಲಿ. 1872ರಲ್ಲಿ ಮನುಷ್ಯರ ವೈದ್ಯ ಪಾಸು ಮಾಡಿದರು. ಮರುವರ್ಷವೇ ದನದ ವೈದ್ಯವನ್ನೂ ಮುಗಿಸಿದರು. 1880ರಿಂದ ಕೋಪನ್‌ಹೇಗನ್ನಿನ ಪಶುವೈದ್ಯ ಕಾಲೇಜಿನಲ್ಲಿ ಮೇಷ್ಟ್ರು.

ಆಗ ಡೆನ್ಮಾರ್ಕಿನ ಪರಿಸ್ಥಿತಿ ಕೇಳಬೇಡಿ. ಅಮೆರಿಕ, ರಷ್ಯಾದ ಗೋಧಿ ಅಗ್ಗದಲ್ಲಿ ಬಂದು ಬಿದ್ದು ರೈತನ ಧಾನ್ಯಕ್ಕೆ ಬೆಲೆಯೇ ಇಲ್ಲ. ಅವರು ದನ ಕಟ್ಟಿದರು. 1882ರಲ್ಲಿ ಹೆಡ್ಡಿಂಗ್ ಎಂಬಲ್ಲಿ ಮೊದಲ ಸಹಕಾರಿ ಡೇರಿ ಎದ್ದಿತು. ಬೆಣ್ಣೆಯೆಲ್ಲ ಎಸ್ಬ್ಯರ್ಗ್ ಬಂದರಿನಿಂದ ಇಂಗ್ಲೆಂಡಿಗೆ. ದೇಶದ ಅನ್ನವೇ ಬೆಣ್ಣೆಯಾಯಿತು.

ಅಷ್ಟರಲ್ಲಿ ಕೊಟ್ಟಿಗೆಗೆ ಕ್ಷಯ ನುಗ್ಗಿತ್ತು. ಡೇರಿಯ ಒಳ್ಳೆಯತನವೇ ಇಲ್ಲಿ ಮುಳುವಾಯ್ತು ನೋಡಿ. ಊರಿನ ಹಾಲೆಲ್ಲ ಒಂದೇ ತೊಟ್ಟಿಗೆ ಸುರಿದು ಕೆನೆ ತೆಗೆದ ಮೇಲೆ ಉಳಿದ ಹಾಲು ಕರು, ಹಂದಿಗಳಿಗೆಂದು ವಾಪಸು ಮನೆಗೆ ಬರುತ್ತಿತ್ತು. ಒಂದು ಮನೆಯ ಹಸುವಿಗೆ ಕೆಚ್ಚಲು ಕ್ಷಯ ಇದ್ದರೆ ಸಾಕು, ಊರಿನ ಕರುಗಳಿಗೆಲ್ಲ ಹಂಚಿಕೆ.

1890ರಲ್ಲಿ ಜರ್ಮನಿಯ ರಾಬರ್ಟ್ ಕೋಖ್ ಟ್ಯೂಬರ್ಕ್ಯುಲಿನ್ ತಯಾರಿಸಿದರು. ಔಷಧಿಯಾಗಿ ಅದು ಕೈಕೊಟ್ಟಿತು. ಆದರೆ ಚುಚ್ಚಿದರೆ ರೋಗ ಅಡಗಿದ ದನಕ್ಕೆ ಜ್ವರ ಏರುತ್ತದೆ. ಬಾಂಗ್ ಇದನ್ನೇ ಹಿಡಿದರು. ಪರೀಕ್ಷೆ ಮಾಡಿದರೆ ಕೆಲವು ಮಂದೆಗಳಲ್ಲಿ ಹೆಚ್ಚುಪಾಲು ದನಗಳಿಗೆ ಜ್ವರ! ಎಲ್ಲವನ್ನೂ ಕಡಿಯಿರಿ ಎಂದರೆ ರೈತ ನೇಣು ಹಾಕಿಕೊಳ್ಳಬೇಕು, ಬಿಟ್ಟರೆ ರೋಗ ಬೆಳೆಯುತ್ತದೆ. 1892ರಿಂದ ಅವರು ತೋರಿಸಿದ ದಾರಿ ನಡುವಿನದು. ರೋಗ ಮೇಲೆದ್ದ, ಕೆಚ್ಚಲು ಕೆಟ್ಟ ಹಸುವನ್ನು ಮಾತ್ರ ತೆಗೆಯೋದು. ಜ್ವರ ಬಂದವನ್ನು ಬೇರೆ ಕಟ್ಟೋದು. ಅವುಗಳ ಕರುವನ್ನು ಹುಟ್ಟಿದ ಕೂಡಲೇ ಬಿಡಿಸಿ ಕಾಯಿಸಿದ ಹಾಲಲ್ಲಿ ಸಾಕೋದು. ಹಳೇ ಮಂದೆ ಸವೆಯುವ ಹೊತ್ತಿಗೆ ಹೊಸ ಮಂದೆ ತಯಾರು. ನನ್ನ ಲೆಕ್ಕದಲ್ಲಿ ಬಾಂಗ್ ದೊಡ್ಡವರಾದದ್ದು ಇಲ್ಲೇ, ರೈತನ ಜೇಬು ನೋಡಿಕೊಂಡು ಮದ್ದು ಕೊಟ್ಟಿದ್ದರಲ್ಲಿ.

1898ರಲ್ಲಿ ಕಾನೂನೇ ಬಂತು: ಡೇರಿಯಿಂದ ವಾಪಸು ಕೊಡುವ ಹಾಲನ್ನು 85 ಡಿಗ್ರಿಗೆ ಕಾಯಿಸಲೇಬೇಕು. ಕಾಯಿಸಿದ್ದಾರೋ ಸುಳ್ಳು ಹೇಳುತ್ತಿದ್ದಾರೋ? ಅದಕ್ಕೂ ಉಪಾಯ ಸಿಕ್ಕಿತು. ಅದೇ ವರ್ಷ ವಿಲ್‌ಹೆಲ್ಮ್ ಸ್ಟಾರ್ಕ್ ಎಂಬ ರಸಾಯನಿಕ ಒಂದು ಪರೀಕ್ಷೆ ಕಂಡುಹಿಡಿದರು. ಎರಡು ಔಷಧಿ ತೊಟ್ಟು ಬಿಟ್ಟರೆ ಹಸಿ ಹಾಲು ನೀಲಿ ತಿರುಗುತ್ತದೆ, 80 ಡಿಗ್ರಿ ದಾಟಿ ಕಾದ ಹಾಲು ಬೆಳ್ಳಗೇ ಇರುತ್ತದೆ. ಇನ್ಸ್‌ಪೆಕ್ಟರ ಮುಂದೆ ಬಾಯಿಮಾತು ನಡೆಯದು.

1901ರಲ್ಲಿ ಲಂಡನ್ ಸಮ್ಮೇಳನದಲ್ಲಿ ಅದೇ ಕೋಖ್, ದನದ ಕ್ಷಯದಿಂದ ಮನುಷ್ಯನಿಗೆ ಅಂಥ ಭಯವಿಲ್ಲ ಎಂದುಬಿಟ್ಟರು. ಅಷ್ಟು ದೊಡ್ಡ ಹೆಸರಿಗೂ ಬಾಂಗ್ ತಲೆಬಾಗಲಿಲ್ಲ. ಬ್ರಿಟಿಷ್ ಆಯೋಗ ಹತ್ತು ವರ್ಷ ತನಿಖೆ ಮಾಡಿ, ಹಾಲಿನಿಂದ ಕ್ಷಯ ಹರಡುತ್ತದೆ ಎಂದೇ ತೀರ್ಮಾನ ಕೊಟ್ಟಿತು.

1906ರ ಕಾನೂನಿನಿಂದ ರಫ್ತಿನ ಬೆಣ್ಣೆಗೆಲ್ಲ ಲೂರ್ ಎಂಬ ಪುರಾತನ ಕಂಚಿನ ಕಹಳೆಯ ಮುದ್ರೆ ಕಡ್ಡಾಯವಾಯಿತು. ನೀರು 16 ಪರ್ಸೆಂಟ್ ಮೀರುವಂತಿಲ್ಲ. ದುಬೈ, ದೋಹಾಕ್ಕೆ ಹೋಗಿಬಂದ ನಮ್ಮವರು ನೋಡಿರುವ ಲುರ್ಪಾಕ್ ಬೆಣ್ಣೆಯ ಹೆಸರು ಈ ಕಹಳೆಯದೇ.

ಬಾಂಗ್ 1932ರಲ್ಲಿ ತೀರಿಕೊಂಡರು. ಡೆನ್ಮಾರ್ಕಿನ ಕೊಟ್ಟಿಗೆಗಳಿಂದ ಕ್ಷಯ ಹೆಚ್ಚುಕಡಿಮೆ ಕಾಲ್ತೆಗೆದದ್ದು 1950ರ ದಶಕದಲ್ಲಿ. ಅವರದು ಕಣ್ಣಿಗೆ ಬೀಳಲಿಲ್ಲ.

ಇನ್ನೊಂದು ಮಾತು ಬಾಕಿ. ಗಬ್ಬದ ಹಸು ಕಂದು ಹಾಕುವ ರೋಗದ ಕ್ರಿಮಿಯನ್ನು 1897ರಲ್ಲಿ ಪತ್ತೆ ಮಾಡಿದವರೂ ಇವರೇ. ಬಾಂಗ್ ರೋಗ ಎನ್ನುತ್ತಿದ್ದರು, ಈಗ ಬ್ರುಸೆಲ್ಲೋಸಿಸ್. ಕಂದು ಹಾಕಿದ್ದನ್ನು ಬರಿಗೈಲಿ ಮುಟ್ಟಿದವರಿಗೂ, ಹಸಿ ಹಾಲು ಕುಡಿದವರಿಗೂ ಬರುತ್ತದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದಕ್ಕೆ ಲಸಿಕೆ ಇದೆ. ಹೆಣ್ಣು ಕರುವಿಗೆ ಮಾತ್ರ, 4ರಿಂದ 8 ತಿಂಗಳೊಳಗೆ, ಜನ್ಮಕ್ಕೊಂದೇ ಸಲ.