ಸಕ್ಕರೆಯ ಗುಟ್ಟು ತಿಳಿಸಿದ ಲೂಯಿಸ್ ಲೆಲ್ವಾರ್



ಮಾನ್ವಿ ತಾಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ನಮ್ಮ ಗದ್ದಿ ಐತಿ. ಅದರ ಒಂದು ಮೂಲೆ ಸವಳಾಗಿ ಬೆಳ್ಳಗೆ ಉಪ್ಪು ಎದ್ದಿದೆ. ಅಲ್ಲಿ ಭತ್ತ ಏಳಂಗಿಲ್ಲ. ಅಪ್ಪ ಆ ಮೂಲೆ ಬಿಟ್ಟೇ ಬಿಡೋಣ ಅಂತಾರ. ಆದರೆ ಅಲ್ಲಿ ನಿಂತ ನೀರಿನಲ್ಲಿ ಹಸಿರು ಹಾವಸಿ ಮಾತ್ರ ಚೆನ್ನಾಗಿ ಬೆಳೆದಿತ್ತು. ಉಪ್ಪು ನೀರಾಗ ಇದು ಹೆಂಗ ಬದುಕ್ತದ ಅಂತ ವಿಜ್ಞಾನದ ಸರ್ ಅವರನ್ನು ಕೇಳಿದೆ. ಆಗ ಅವರು ಲೆಲ್ವಾರ್ ಅವರ ಕಥೆ ಹೇಳಿದರು.

ಲೆಲ್ವಾರ್ ಹುಟ್ಟಿದ್ದು 1906ರ ಸೆಪ್ಟೆಂಬರ್ 6ರಂದು, ಪ್ಯಾರಿಸ್ ನಗರದಲ್ಲಿ. ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದರು. ಬೆಳೆದದ್ದು ಅರ್ಜೆಂಟೀನಾ ದೇಶದಲ್ಲಿ. 1932ರಲ್ಲಿ ಡಾಕ್ಟರ್ ಆದರು. ಆದರೆ ರೋಗ ವಾಸಿಮಾಡಲು ಆಗ ಔಷಧಿಗಳೇ ಕಡಿಮೆ. ಅದಕ್ಕೆ ಬೇಸರಪಟ್ಟು ಸಂಶೋಧನೆಗೆ ಇಳಿದರು. 1943ರಲ್ಲಿ ಸರ್ಕಾರ ಅವರ ಗುರು ಹೌಸೆ ಅವರನ್ನು ಕೆಲಸದಿಂದ ತೆಗೆದಾಗ ತಾವೂ ಹೊರಬಂದು ಅಮೆರಿಕಕ್ಕೆ ಹೋದರು.

ಮರಳಿ ಬಂದು 1947ರಲ್ಲಿ ಒಂದು ಹಳೇ ಮನೆಯಲ್ಲಿ ಪ್ರಯೋಗಾಲಯ ನಡೆಸಿದರು. ರೊಕ್ಕ ಕಡಿಮೆ. ದ್ರಾವಣ ತಿರುಗಿಸುವ ಯಂತ್ರ ಬಿಸಿಯಾದರೆ ಕಿಣ್ವ ಕೆಡುತ್ತದೆ. ಅದಕ್ಕೆ ಟಯರಿನ ಟ್ಯೂಬಿನಲ್ಲಿ ಐಸ್ ತುಂಬಿ ಯಂತ್ರದ ಸುತ್ತ ಇಟ್ಟರು! ಕೂಡುವ ಕುರ್ಚಿ ಮುರಿದರೆ ಹಗ್ಗ ಬಿಗಿದು ಅದರಲ್ಲೇ ಕೂತರು.

1955ರಲ್ಲಿ ಅವರು ಮತ್ತು ಸಂಗಡಿಗ ಕಾರ್ದಿನಿ ಗೋಧಿ ಕಾಳಿನ ಮೊಳಕೆ ಭಾಗದಲ್ಲಿ ಸಕ್ಕರೆ ಮಾಡುವ ಕಿಣ್ವವನ್ನು ತೋರಿಸಿದರು. ಅದು ಗ್ಲೂಕೋಸನ್ನು ಫ್ರಕ್ಟೋಸ್ ಫಾಸ್ಫೇಟಿಗೆ ಜೋಡಿಸುತ್ತದೆ. ಇನ್ನೊಂದು ಕಿಣ್ವ ಫಾಸ್ಫೇಟನ್ನು ಕಿತ್ತುಹಾಕುತ್ತದೆ. ಉಳಿದದ್ದೇ ನಾವು ಚಹಾಕ್ಕೆ ಹಾಕುವ ಸಕ್ಕರೆ, ಅಂದರೆ ಸುಕ್ರೋಸ್. ಸಕ್ಕರೆಗಳ ಮೇಲಿನ ಕೆಲಸಕ್ಕಾಗಿ 1970ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. 1987ರ ಡಿಸೆಂಬರ್ 2ರಂದು ತೀರಿಕೊಂಡರು.

ಈಗ ಹಾವಸಿಯ ವಿಷಯಕ್ಕೆ ಬರೋಣ. ನೀಲಿಹಸಿರು ಪಾಚಿ ಅನ್ನೋದು ನಿಜವಾಗಿ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ. ಅದರ ಕೆಲವು ಜಾತಿಗಳಲ್ಲೂ ಇವೇ ಕಿಣ್ವಗಳಿವೆ. ಅವನ್ನು ಮಾಡಲು ಬೇಕಾದ ಬರಹ ಅವುಗಳ ವಂಶವಾಹಿಗಳಲ್ಲಿದೆ. ನೀರಿನಲ್ಲಿ ಉಪ್ಪು ಹೆಚ್ಚಾದರೆ ಜೀವಕೋಶದ ನೀರು ಹೊರಗೆ ಸೋರುತ್ತದೆ. ಅದನ್ನು ತಡೆಯಲು ಅವು ಒಳಗೆ ಸಕ್ಕರೆ ಮಾಡಿಟ್ಟುಕೊಳ್ಳುತ್ತವೆ. 2012ರಲ್ಲಿ ಅಮೆರಿಕದ ವಿಜ್ಞಾನಿಗಳು ಇಂಥ ಒಂದು ಬ್ಯಾಕ್ಟೀರಿಯಾಕ್ಕೆ ಇನ್ನೊಂದು ಬ್ಯಾಕ್ಟೀರಿಯಾದ ವಂಶವಾಹಿ ಸೇರಿಸಿದರು. ಅದು ಉಪ್ಪು ನೀರಿನಲ್ಲಿ ಸಕ್ಕರೆಯನ್ನು ಹೊರಗೇ ಬಿಟ್ಟಿತು!

ನಮ್ಮ ಗದ್ದೆಯ ಹಾವಸಿ ಯಾವ ಜಾತಿಯದು ಅಂತ ನೋಡಬೇಕು. ಶಾಲೆಯ ಸೂಕ್ಷ್ಮದರ್ಶಕ ಅಲುಗಾಡುತ್ತದೆ, ನಿಜ. ಲೆಲ್ವಾರ್ ಅವರ ಕುರ್ಚಿ ನೆನಸಿಕೊಂಡು ದಾರ ತಂದೀನಿ. ಶನಿವಾರ ನೀವೂ ಬರ್ರಿ.

— 9ನೇ ತರಗತಿ ವಿದ್ಯಾರ್ಥಿನಿ