ಊರು ಬೆಳೆಯುವ ಮುಂಚೆ ಅಲ್ಲಿಗೆ ಹೋದವರು



ಕೊನೆಯ ವರ್ಷದ ಪರೀಕ್ಷೆ ಹತ್ತಿರ ಬಂತು ಅಂದ್ರೆ ನಮ್ಮ ಹಾಸ್ಟೆಲಿನಲ್ಲಿ ಓದಿಗಿಂತ ಜೋರಾಗಿ ನಡೆಯುವುದು ಒಂದೇ ಚರ್ಚೆ. ಡಿಗ್ರಿ ಕೈಗೆ ಬಂದ ಮೇಲೆ ಯಾವ ಊರಿಗೆ ಹೋಗೋದು? ಒಬ್ಬ ಪುಣೆ ಅಂತಾನೆ, ಒಬ್ಬ ಹೈದರಾಬಾದು ಅಂತಾನೆ, ಇನ್ನೊಬ್ಬ ಬೆಂಗಳೂರು ಬಿಟ್ಟು ಬೇರೆ ಮಾತೇ ಆಡೋದಿಲ್ಲ. ಮುಂದಿನ ಇಪ್ಪತ್ತು ವರ್ಷದಲ್ಲಿ ಯಾವ ಸೀಮೆ ಬೆಳೆಯುತ್ತೆ, ಯಾವುದು ಸೊರಗುತ್ತೆ ಅಂತ ಒಂದು ಕಪ್ ಚಹಾ ಮುಗಿಯುವಷ್ಟರಲ್ಲಿ ತೀರ್ಪು ಕೊಟ್ಟಾಗಿರುತ್ತದೆ. ಈ ಗದ್ದಲದ ನಡುವೆ ನನಗೆ ನೆನಪಾಗುವುದು ಜಮ್‌ಶೆಟ್‌ಜಿ ಟಾಟಾ. ಉಕ್ಕಿನ ಟಾಟಾ, ತಾಜ್ ಹೋಟೆಲಿನ ಟಾಟಾ ಅಂತ ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಆದರೆ ಯಾರೂ ಕಣ್ಣೆತ್ತಿ ನೋಡದ ಜಾಗವನ್ನು ನೋಡಿ, ಇದು ಮುಂದೆ ಬೆಳೆಯುತ್ತದೆ ಎಂದು ಲೆಕ್ಕ ಹಾಕಿ, ಆ ಲೆಕ್ಕದ ಮೇಲೆ ಸ್ವಂತ ದುಡ್ಡು ಹಾಕಿದ ಮನುಷ್ಯ ಎಂದು ಅವರನ್ನು ನೋಡಿದವರು ಕಡಿಮೆ.

ಅವರು ಹುಟ್ಟಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯಲ್ಲಿ, ಪಾರ್ಸಿ ಪುರೋಹಿತರ ಮನೆತನದಲ್ಲಿ. ತಂದೆ ನಸರ್ವಾನ್‌ಜಿ ಪೌರೋಹಿತ್ಯ ಬಿಟ್ಟು ಮುಂಬೈಗೆ ಬಂದು ವ್ಯಾಪಾರಕ್ಕಿಳಿದವರು. ಹುಡುಗ ಹದಿನಾಲ್ಕರ ಆಸುಪಾಸಿನಲ್ಲಿ ತಂದೆಯ ಹಿಂದೆ ಬಂದ, ಎಲ್ಫಿನ್‌ಸ್ಟನ್ ಕಾಲೇಜು ಸೇರಿದ, 1858ರಲ್ಲಿ ಓದು ಮುಗಿಸಿದ. ನಮ್ಮಲ್ಲಿ ಎಷ್ಟೋ ಜನರ ಅಪ್ಪಂದಿರ ಕಥೆಯೂ ಇದೇ ತಾನೆ, ಊರು ಬಿಟ್ಟು ಮುಂಬೈ ರೈಲು ಹತ್ತಿದ್ದು!

ಮುಂದಿನ ಪಾಠ ಕಾಲೇಜಿನದಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಲ್ಯಾಂಕಾಷೈರಿನ ಗಿರಣಿಗಳೆಲ್ಲ ನಮ್ಮ ಹತ್ತಿಗೆ ಬಾಯಿಬಿಟ್ಟವು. ಮುಂಬೈಗೆ ದುಡ್ಡಿನ ಮಳೆ. ಬ್ಯಾಂಕು, ಕಂಪನಿ, ಸಮುದ್ರ ತುಂಬಿ ಭೂಮಿ ಮಾಡುವ ಯೋಜನೆ, ಏನು ಕೇಳ್ತೀರಿ, ಕಾಗದದ ಮೇಲೆ ಮುಂಬೈಯಷ್ಟು ಬೆಳೆಯುವ ಊರು ಜಗತ್ತಿನಲ್ಲೇ ಇರಲಿಲ್ಲ. 1865ರಲ್ಲಿ ಯುದ್ಧ ನಿಂತಿತು, ಹತ್ತಿಯ ಬೆಲೆ ನೆಲಕ್ಕೆ ಬಿತ್ತು, ಷೇರುಗಳು ರದ್ದಿಯಾದವು. ಆಗ ಜಮ್‌ಶೆಟ್‌ಜಿ ಲಂಡನ್ನಿನಲ್ಲಿದ್ದರು. ಕೈಯಲ್ಲಿದ್ದ ಹುಂಡಿಗಳಿಗೆ ಬೆಲೆಯಿಲ್ಲ. ಇಪ್ಪತ್ತಾರರ ಹುಡುಗ ಓಡಿಹೋಗಲಿಲ್ಲ. ಸಾಲಗಾರರ ಎದುರು ಲೆಕ್ಕದ ಪುಸ್ತಕ ತೆರೆದಿಟ್ಟು ಇದ್ದದ್ದನ್ನು ಇದ್ದಹಾಗೆ ಹೇಳಿದರು. ಅವರಿಗೆ ಈತನ ಮೇಲೆ ನಂಬಿಕೆ ಬಂದು, ಅವರ ಸಂಸ್ಥೆಯ ಲೆಕ್ಕ ಚುಕ್ತಾ ಮಾಡುವ ಕೆಲಸಕ್ಕೆ ಅವರನ್ನೇ ಸಂಬಳ ಕೊಟ್ಟು ಇಟ್ಟುಕೊಂಡರು. ನನ್ನ ಅಭಿಪ್ರಾಯದಲ್ಲಿ ಅವರ ಮುಂದಿನ ಬದುಕಿನ ಬೀಜ ಇಲ್ಲಿದೆ. ದುಡ್ಡು ಬಂದ ಊರಿಗೂ ಬೆಳೆಯುವ ಊರಿಗೂ ವ್ಯತ್ಯಾಸವಿದೆ ಎನ್ನುವುದನ್ನು ಅವರು ಕೈಸುಟ್ಟುಕೊಂಡು ಕಲಿತರು.

1868ರಲ್ಲಿ 21 ಸಾವಿರ ರೂಪಾಯಿ ಬಂಡವಾಳದಲ್ಲಿ ಸ್ವಂತ ವ್ಯಾಪಾರ. ಮರುವರ್ಷ ಚಿಂಚ್‌ಪೋಕ್ಲಿಯಲ್ಲಿ ಮುಚ್ಚಿಹೋಗಿದ್ದ ಒಂದು ಎಣ್ಣೆ ಗಿರಣಿ ಕೊಂಡು ಹತ್ತಿ ಗಿರಣಿಯಾಗಿ ಬದಲಿಸಿ, ಎರಡು ವರ್ಷದಲ್ಲಿ ಲಾಭಕ್ಕೆ ಮಾರಿದರು. ಇಷ್ಟರಲ್ಲಿ ಬುದ್ಧಿವಂತರೆಲ್ಲ ಗಿರಣಿ ಹಾಕಿದರೆ ಮುಂಬೈಯಲ್ಲೇ ಹಾಕಬೇಕು ಎಂದು ತೀರ್ಮಾನಿಸಿ ಆಗಿತ್ತು. ಬಂದರು ಇಲ್ಲಿದೆ, ಸಾಹುಕಾರರು ಇಲ್ಲಿದ್ದಾರೆ, ಮತ್ತೇನು ಬೇಕು?

ಜಮ್‌ಶೆಟ್‌ಜಿ ಕೇಳಿದ ಪ್ರಶ್ನೆಗಳೇ ಬೇರೆ. ಹತ್ತಿ ಎಲ್ಲಿ ಬೆಳೆಯುತ್ತೆ? ಬಾಯ್ಲರಿಗೆ ಕಲ್ಲಿದ್ದಲು ಎಲ್ಲಿಂದ ಬರಬೇಕು? ನೂಲು ಬಟ್ಟೆ ಕೊಳ್ಳುವವರು ಎಲ್ಲಿದ್ದಾರೆ? ಇವೆಲ್ಲವನ್ನು ಜೋಡಿಸುವ ರೈಲು ಎಲ್ಲಿ ಹೋಗುತ್ತೆ? ಉತ್ತರ ಮುಂಬೈ ಆಗಿರಲಿಲ್ಲ, ನಾಗಪುರವಾಗಿತ್ತು. 1867ರಲ್ಲಷ್ಟೇ ಅಲ್ಲಿಗೆ ರೈಲು ಬಂದಿತ್ತು. ಸುತ್ತ ಹತ್ತಿಯ ಹೊಲ, ದಕ್ಷಿಣಕ್ಕೆ ಚಾಂದಾ ಜಿಲ್ಲೆಯಲ್ಲಿ ಕಲ್ಲಿದ್ದಲು. 1874ರಲ್ಲಿ 15 ಲಕ್ಷ ರೂಪಾಯಿಯ ಕಂಪನಿ ಕಟ್ಟಿ, ಸ್ಟೇಷನ್ನಿನ ಹತ್ತಿರ ಕೆರೆ ಪಕ್ಕದ ಜೌಗು ನೆಲ ಹಿಡಿದು ಮಣ್ಣು ತುಂಬಿಸಲು ಹೊರಟರು. ಅಲ್ಲಿಯ ಒಬ್ಬ ಮಾರವಾಡಿ ಸಾಹುಕಾರನ ಕಥೆ ಹೇಳುತ್ತಾರೆ. ಚಿನ್ನವನ್ನು ಗುಂಡಿಗೆ ಸುರಿಯುವವನಿಗೆ ತಾನು ಸಾಲ ಕೊಡೋದಿಲ್ಲ ಅಂದನಂತೆ. ಕೆಲವು ವರ್ಷ ಕಳೆದ ಮೇಲೆ, ಈತ ಗುಂಡಿಗೆ ಹಾಕಿದ್ದು ಮಣ್ಣು, ತೆಗೆದದ್ದು ಚಿನ್ನ ಎಂದು ಅವನೇ ಒಪ್ಪಿಕೊಂಡನಂತೆ.

ಗಿರಣಿ ತೆರೆದದ್ದು 1877ರ ಜನವರಿ 1ರಂದು. ಅದೇ ದಿನ ವಿಕ್ಟೋರಿಯಾ ರಾಣಿ ಭಾರತದ ಸಾಮ್ರಾಜ್ಞಿ ಎಂದು ಘೋಷಣೆಯಾದ್ದರಿಂದ ಎಂಪ್ರೆಸ್ ಮಿಲ್ ಎಂಬ ಹೆಸರು. ನಕ್ಷೆ ನೋಡಿ ಹಾಕಿದ ಲೆಕ್ಕದಲ್ಲಿ ಒಂದು ಬಿಟ್ಟುಹೋಗಿತ್ತು: ಜನ. ನಾಗಪುರದವರಿಗೆ ಗಿರಣಿಯ ಸಿಳ್ಳೆಗೆ ಏಳುವ ಅಭ್ಯಾಸ ಇರಲಿಲ್ಲ. ಇಷ್ಟವಾದ ದಿನ ಬಂದರು, ಇಲ್ಲದ ದಿನ ಇಲ್ಲ. ಸಾಮಾನ್ಯ ಮಾಲೀಕನಾಗಿದ್ದರೆ ಬೈದು ದಂಡ ಹಾಕುತ್ತಿದ್ದ. ಇವರು ಹಾಜರಿಗೆ ಬಹುಮಾನ ಇಟ್ಟರು, ಗಾಳಿ ಬೆಳಕಿಗೆ ವ್ಯವಸ್ಥೆ ಮಾಡಿದರು, 1886ರಲ್ಲಿ ಪಿಂಚಣಿ ನಿಧಿ ತೆರೆದರು, ಮುಂದೆ ಅಪಘಾತಕ್ಕೆ ಪರಿಹಾರವೂ ಬಂತು. ಕಾನೂನು ಕೇಳುವ ಎಷ್ಟೋ ಮೊದಲು. ಧರ್ಮಕ್ಕೆ ಮಾಡಿದರು ಅಂತ ನಾನು ಹೇಳೋದಿಲ್ಲ. ಜನ ನಿಲ್ಲದ ಜಾಗ ಬೆಳೆಯೋದಿಲ್ಲ ಅನ್ನುವುದು ಅವರಿಗೆ ಗೊತ್ತಾಗಿತ್ತು.

ಎಲ್ಲ ಎಣಿಕೆಯೂ ಫಲಿಸಿತು ಅಂದುಕೊಳ್ಳಬೇಡಿ. 1886ರಲ್ಲಿ ಕುರ್ಲಾದ ಧರಮ್‌ಸಿ ಗಿರಣಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ಸ್ವದೇಶಿ ಮಿಲ್ ಎಂದು ಹೆಸರಿಟ್ಟರು. ಹಳೇ ಯಂತ್ರಗಳು, ಕೆಟ್ಟ ಮಾಲು, ಷೇರಿನ ಬೆಲೆ ಪಾತಾಳಕ್ಕೆ. ಅದನ್ನು ಉಳಿಸಲು ನಾಗಪುರದ ಷೇರುಗಳನ್ನೇ ಮಾರಬೇಕಾಯಿತು. ಜುಹೂ ತಾರಾದಲ್ಲಿ ಜಮೀನು ಕೊಂಡು, ಮುಂಬೈ ಆ ಕಡೆಗೆ ಬೆಳೆಯುತ್ತದೆ ಎಂದು 1200 ಎಕರೆಯ ಬಡಾವಣೆಯ ಯೋಜನೆ ಹಾಕಿದ್ದರು. ಅವರ ಸಾವಿನೊಂದಿಗೆ ಅದು ನಿಂತುಹೋಯಿತು. ಈಗ ಜುಹೂದಲ್ಲಿ ಒಂದು ಚದರಡಿಯ ಬೆಲೆ ವಿಚಾರಿಸಿ ನೋಡಿ.

ಬೆಂಗಳೂರಿನ ಕಥೆ ನಮಗೆ ಹತ್ತಿರದ್ದು. 1893ರಲ್ಲಿ ಜಪಾನು ನೋಡಿ ಬಂದ ಮೇಲೆ ಅವರು ಮೈಸೂರು ಸೀಮೆಯ ಹವೆ ರೇಷ್ಮೆಗೆ ಒಗ್ಗುತ್ತದೆಂದು ಜಪಾನಿ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ಒಂದು ರೇಷ್ಮೆ ತೋಟ ಮಾಡಿದರು. ಬಸವನಗುಡಿಯ ಕಡೆ ಟಾಟಾ ಸಿಲ್ಕ್ ಫಾರಂ ಅನ್ನುವ ಹೆಸರು ಇಂದಿಗೂ ಉಳಿದಿದೆ. 1898ರಲ್ಲಿ ವಿಜ್ಞಾನದ ವಿದ್ಯಾಪೀಠಕ್ಕೆಂದು ತಮ್ಮ ಮುಂಬೈಯ ಕಟ್ಟಡ ಜಮೀನುಗಳಿಂದ 30 ಲಕ್ಷದ ಆಸ್ತಿ ಕೊಡಲು ಮುಂದಾದರು. ವೈಸ್‌ರಾಯ್ ಕರ್ಜನ್‌ಗೆ ಇದರಲ್ಲಿ ಅಷ್ಟು ನಂಬಿಕೆ ಇರಲಿಲ್ಲ. ಲಂಡನ್ನಿನಿಂದ ಬಂದ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ದೇಶ ಸುತ್ತಿ ಬೆಂಗಳೂರನ್ನು ಸೂಚಿಸಿದರು. ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು. ಮುಂಬೈ ಕಟ್ಟಡಗಳ ಆದಾಯದಿಂದ ಬೆಂಗಳೂರಿಗೆ ಕಾಲೇಜು! 1911ರಲ್ಲಿ ಮೊದಲ ವಿದ್ಯಾರ್ಥಿಗಳು ಒಳಗೆ ಬಂದರು. ನಮ್ಮ ಹಾಸ್ಟೆಲಿನ ಬೆಂಗಳೂರು ಪಕ್ಷದವರು ಇಷ್ಟಾದರೂ ನೆನಪಿಡಲಿ.

ಆದರೆ ಅವರನ್ನು ಜೀವಮಾನವಿಡೀ ಕಾಡಿದ್ದು ಕಬ್ಬಿಣ. 1882ರಲ್ಲಿ ಚಾಂದಾ ಜಿಲ್ಲೆಯ ಲೋಹಾರಾದ ಅದಿರಿನ ಬಗ್ಗೆ ಒಬ್ಬ ಜರ್ಮನ್ ತಜ್ಞ ಬರೆದ ವರದಿ ಅವರ ಕೈಗೆ ಬಂತು. ನಾಗಪುರದಲ್ಲಿ ಗೆದ್ದವರಿಗೆ ಅದೇ ಸೀಮೆಯಲ್ಲಿ ಉಕ್ಕು ಅಂದರೆ ಕೇಳಬೇಕೆ? ಆದರೆ ಅಲ್ಲಿಯ ವರೋರಾ ಕಲ್ಲಿದ್ದಲು ಕುಲುಮೆಗೆ ಆಗದು ಎಂದು ಪರೀಕ್ಷೆಯಲ್ಲಿ ತಿಳಿಯಿತು. ಸರಕಾರದ ಗಣಿ ನಿಯಮಗಳೋ, ಬಂಡವಾಳಗಾರನನ್ನು ದೂರ ಓಡಿಸುವಂಥವು. ಹದಿನೇಳು ವರ್ಷ ಆ ಕಾಗದಗಳು ಕಪಾಟಿನಲ್ಲಿದ್ದವು. 1899ರಲ್ಲಿ ನಿಯಮ ಸಡಿಲವಾದಾಗ ಅವರಿಗೆ ವಯಸ್ಸು ಅರವತ್ತು. ಆದರೂ ಹೊರಟರು. 1902ರಲ್ಲಿ ಅಮೆರಿಕಕ್ಕೆ ಹೋಗಿ ಕುಲುಮೆಗಳ ನಡುವೆ ತಿರುಗಿ, ಚಾರ್ಲ್ಸ್ ಪೆರಿನ್ ಎಂಬ ಎಂಜಿನಿಯರನ್ನು ಒಪ್ಪಿಸಿದರು. ಜಾಗವೇ ಗೊತ್ತಿಲ್ಲದ ಕಾರ್ಖಾನೆಯ ಊರಿಗೆ ಅಗಲವಾದ ಬೀದಿ, ನೆರಳಿನ ಮರ, ಆಟದ ಬಯಲು, ಗುಡಿ ಮಸೀದಿ ಚರ್ಚುಗಳಿಗೆ ಜಾಗ ಇರಬೇಕೆಂದು ಮಗ ದೊರಾಬ್‌ಜಿಗೆ ಬರೆದು ತಿಳಿಸಿದರು.

1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮಿನಲ್ಲಿ ಅವರು ತೀರಿಕೊಂಡರು. ಹೊತ್ತಿಗೆ ಸರಿಯಾಗಿ ಚಾಂದಾ ಕೈಕೊಟ್ಟಿತ್ತು. ದೊಡ್ಡ ಕಾರ್ಖಾನೆಗೆ ಸಾಲುವಷ್ಟು ಅದಿರು ಅಲ್ಲಿರಲಿಲ್ಲ. ನಾಗಪುರದ ಸರಕಾರಿ ಕಚೇರಿಯಲ್ಲಿ ಅಧಿಕಾರಿಗಾಗಿ ಕಾಯುತ್ತಿದ್ದ ದೊರಾಬ್‌ಜಿ ಎದುರಿನ ವಸ್ತುಸಂಗ್ರಹಾಲಯಕ್ಕೆ ಸುಮ್ಮನೆ ಹೊಕ್ಕು, ಅಲ್ಲಿದ್ದ ಭೂವಿಜ್ಞಾನದ ನಕ್ಷೆಯಲ್ಲಿ ದುರ್ಗ್ ಜಿಲ್ಲೆಯ ಕಬ್ಬಿಣದ ಗುರುತು ನೋಡಿದರು. ಧಲ್ಲಿ ರಾಜ್‌ಹರಾ ಬೆಟ್ಟ ಹತ್ತಿದರೆ ಬೂಟಿನಡಿ ನೆಲವೇ ಲೋಹದಂತೆ ಸದ್ದು ಮಾಡಿತಂತೆ. ಅದಿರು ಬೇಕಾದಷ್ಟು, ಆದರೆ ಕುಲುಮೆಗೆ ಯೋಗ್ಯವಾದ ಕಲ್ಲಿದ್ದಲೂ ಸಾಕಷ್ಟು ನೀರೂ ಹತ್ತಿರವಿರಲಿಲ್ಲ. ಅಷ್ಟರಲ್ಲಿ ಮಯೂರ್‌ಭಂಜದಲ್ಲಿ ಅದಿರಿದೆ ಎಂದು ಭೂವಿಜ್ಞಾನಿ ಪ್ರಮಥನಾಥ ಬೋಸ್ ಬರೆದಿದ್ದ ಕಾಗದ ಕೆಲಸಕ್ಕೆ ಬಂತು. ಝರಿಯಾದ ಕಲ್ಲಿದ್ದಲು ದೂರವಿಲ್ಲ, ಸುವರ್ಣರೇಖಾ ಖರ್ಕಾಯಿ ನದಿಗಳು ಕೂಡುವ ಕಡೆ ನೀರು, ಪಕ್ಕದಲ್ಲಿ ಕಾಳಿಮಾಟಿ ಸ್ಟೇಷನ್. ಅಲ್ಲಿ ಸಾಕ್ಚಿ ಎಂಬ ಹಳ್ಳಿ. ನಾಗಪುರಕ್ಕೆ ಕೇಳಿದ ಪ್ರಶ್ನೆಗಳೇ ಮತ್ತೆ ಇಲ್ಲಿಗೆ ಕರೆತಂದವು. 1912ರಲ್ಲಿ ಮೊದಲ ಉಕ್ಕು ಹೊರಬಂತು. 1919ರಲ್ಲಿ ಊರಿಗೆ ಜಮ್‌ಶೆಡ್‌ಪುರ ಎಂದು ಹೆಸರಾಯಿತು. 2011ರ ಜನಗಣತಿಯ ಹೊತ್ತಿಗೆ ಊರು ಮತ್ತು ಸುತ್ತಲಿನ ಪಟ್ಟಣಗಳ ಜನಸಂಖ್ಯೆ 13 ಲಕ್ಷ ದಾಟಿತ್ತು.

ಆ ಸೀಮೆಯಲ್ಲಿ ಮೊದಲೇ ಇದ್ದ ಸಂತಾಲ, ಹೋ, ಭೂಮಿಜ ಜನರನ್ನು ಯಾರೂ ಕೇಳಿದಂತಿಲ್ಲ. ಸೀಮೆ ಬೆಳೆಯಿತು ಅನ್ನುವಾಗ ಅವರೂ ಬೆಳೆದರೇ ಎಂಬ ಪ್ರಶ್ನೆಗೆ ನಮ್ಮ ಅರ್ಥಶಾಸ್ತ್ರದ ಪುಸ್ತಕದಲ್ಲಿ ನಾನಿನ್ನೂ ಉತ್ತರ ಕಂಡಿಲ್ಲ.

ನಾಗಪುರದ ಎಂಪ್ರೆಸ್ ಮಿಲ್ ಈಗ ಇಲ್ಲ, ಆ ಜಾಗದಲ್ಲಿ ಮಾಲ್ ಇದೆ. ಆದರೆ ಟಾಟಾ ಮನೆಯವರು ಬಿಟ್ಟುಬಂದ ದುರ್ಗ್ ಜಿಲ್ಲೆಯ ಭಿಲಾಯಿಯಲ್ಲಿ 1959ರಲ್ಲಿ ಸರಕಾರದ ಉಕ್ಕಿನ ಕುಲುಮೆ ಹೊತ್ತಿತು. ದೂರದ ಕಲ್ಲಿದ್ದಲನ್ನು ರೈಲಿನಲ್ಲಿ ತರಿಸಿದರು. ಅದಿರು ಬಂದದ್ದು ಅದೇ ರಾಜ್‌ಹರಾ ಬೆಟ್ಟದಿಂದ.